ಎಡಗೈ ಗಿಟಾರು

ಮಗಳ ಕೈಗೆ ಪೆಟ್ಟಾದ ಸುದ್ದಿ ಬಂದಾಗ ನಾನು ಹಡಪಸರದ ಶಾಪಿನಲ್ಲಿ ಒಂದು ಪಂಪಿನ ಪ್ಯಾಟರ್ನಿನ ಮೂಲೆಗಳಿಗೆ ಮೇಣ ತುಂಬುತ್ತಿದ್ದೆ. ನನ್ನದು ಪ್ಯಾಟರ್ನ್ ಮಾಡುವ ಕಸುಬು. ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ವಸ್ತುವನ್ನು ಮೊದಲು ಕಟ್ಟಿಗೆಯಲ್ಲಿ ಮಾಡಿಕೊಡುತ್ತೇವೆ. ಫೌಂಡ್ರಿಯವರು ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಅಚ್ಚಿನೊಳಗೆ ಕಾದ ಲೋಹ ಹೊಯ್ಯುತ್ತಾರೆ. ವಿಜಯಪುರದ ಕಡೆಯಿಂದ ಐಟಿಐ ಮುಗಿಸಿ ಪುಣೆಗೆ ಬಂದವನು ಇದೇ ಶಾಪಿಗೆ ಸೇರಿದೆ, ಇಲ್ಲೇ ತಲೆ ಬೆಳ್ಳಗಾಯಿತು. ಈಗ ಹೆಚ್ಚಿನ ಪ್ಯಾಟರ್ನುಗಳನ್ನು ಕಂಪ್ಯೂಟರ್ ಮಶೀನೇ ಕೆತ್ತುತ್ತದೆ. ಹಳೆಯ ಪ್ಯಾಟರ್ನುಗಳ ರಿಪೇರಿಗೆಂದು ಕಟ್ಟಿಗೆ ಕೆಲಸದವನು ನಾನೊಬ್ಬನೇ ಉಳಿದಿದ್ದೆ.

ಮಗಳಿಗೆ ಆಗ ಇಪ್ಪತ್ತೆರಡು. ಮಗರಪಟ್ಟಾದ ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ಮಕ್ಕಳಿಗೆ ಗಿಟಾರು ಹೇಳಿಕೊಡುತ್ತಿದ್ದಳು. ಶನಿವಾರ, ಭಾನುವಾರ ಇಬ್ಬರು ಗೆಳತಿಯರ ಜೊತೆ ಹೊಟೇಲುಗಳಲ್ಲಿ, ಯಾರದಾದರೂ ಮದುವೆಯ ಹಿಂದಿನ ದಿನದ ಕಾರ್ಯಕ್ರಮದಲ್ಲಿ ಬಾರಿಸುತ್ತಿದ್ದಳು. ನಮ್ಮ ಮನೆತನದಲ್ಲಿ ಯಾರಿಗೂ ಸಂಗೀತದ ಗಂಧಗಾಳಿ ಇಲ್ಲ. ಇವಳು ಮೊದಲು ಮೊಬೈಲು ನೋಡಿ ಕಲಿತಳು, ಆಮೇಲೆ ಒಬ್ಬ ಮಾಸ್ತರರನ್ನು ತಾನೇ ಹುಡುಕಿಕೊಂಡಳು. ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಕಿಟಕಿಯ ಹತ್ತಿರ ಕೂತು ಗಿರಾಕಿಗಳ ಸೀರೆಗೆ ಫಾಲ್ ಹಚ್ಚುವಾಗ, ಮಗಳು ಕಾಟಿನ ಮೇಲೆ ಕೂತು ಒಂದೇ ತುಣುಕನ್ನು ಮತ್ತೆ ಮತ್ತೆ ಬಾರಿಸುವಳು. ಅದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಸಂಗೀತ ಅಂತ ಕಿವಿಗೊಟ್ಟು ಕೇಳಿದ್ದೇ ಇಲ್ಲ.

ಆ ದಿನ ಸ್ಕೂಟಿಯಲ್ಲಿ ಕ್ಲಾಸಿಗೆ ಹೊರಟಿದ್ದಳು. ಮುಂದೆ ತಗಡು ಹೇರಿಕೊಂಡು ಹೋಗುತ್ತಿದ್ದ ಟೆಂಪೋ ಗಕ್ಕನೆ ನಿಂತಿತು. ಬ್ರೇಕ್ ಹಾಕಿದ ಸ್ಕೂಟಿ ಜಾರಿ ಟೆಂಪೋದ ಹಿಂಬದಿಗೆ ಹೋಗಿ ಬಡಿಯಿತು. ಹೊರಗೆ ಚಾಚಿದ್ದ ತಗಡಿನ ಅಂಚು ಅವಳ ಎಡ ಮೊಣಕೈಯ ಒಳಮಗ್ಗುಲನ್ನು ಸೀಳಿತು. ತಲೆಗೆ ಏನೂ ಆಗಿರಲಿಲ್ಲ, ಕಾಲಿಗೆ ತರಚು ಗಾಯ. ಆಸ್ಪತ್ರೆಯಲ್ಲಿ ಅವಳನ್ನು ಕಂಡಾಗ ನನ್ನ ಹೆಂಡತಿ, "ದೇವರು ದೊಡ್ಡವ, ಕೈಗಷ್ಟ ಹೋತು" ಅಂದಳು. ಮಗಳು ಮುಖ ಆಚೆ ತಿರುಗಿಸಿದಳು.

ಡಾಕ್ಟರು ಆಪರೇಶನ್ ಮಾಡಿ ತುಂಡಾದ ನರವನ್ನು ಹೊಲಿದರು. ಮೊಣಕೈಯಿಂದ ಬೆರಳಿನ ತುದಿಯವರೆಗೆ ಅದು ಮತ್ತೆ ಬೆಳೆದುಕೊಂಡು ಹೋಗಬೇಕು, ಭಾಳ ನಿಧಾನ, ಕಾಯಬೇಕು ಅಂದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಡಚುತ್ತಿದ್ದವು. ಉಂಗುರದ ಬೆರಳು ಮತ್ತು ಕಿರುಬೆರಳು ಕೊಕ್ಕೆಯ ಹಾಗೆ ಬಾಗಿ ನಿಂತುಬಿಟ್ಟಿದ್ದವು, ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಬೆರಳುಗಳನ್ನು ಅಗಲಿಸುವುದಂತೂ ಆಗುತ್ತಲೇ ಇರಲಿಲ್ಲ. ಉಣ್ಣಲು, ಬಟ್ಟೆ ಹಾಕಿಕೊಳ್ಳಲು ಅಂಥ ತೊಂದರೆ ಇಲ್ಲ. ಆದರೆ ಗಿಟಾರು ಬಾರಿಸುವವರು ಬಲಗೈಯಿಂದ ತಂತಿ ಮೀಟುತ್ತಾರೆ, ಎಡಗೈಯ ಬೆರಳುಗಳನ್ನು ಅಗಲಿಸಿ ಅದರ ಕುತ್ತಿಗೆಯ ಮೇಲೆ ತಂತಿ ಒತ್ತುತ್ತಾರೆ. ಅವಳಿಗೆ ಹೋದದ್ದು ಅದೊಂದೇ.

ವ್ಯಾಯಾಮಕ್ಕೆಂದು ವಾರಕ್ಕೆ ಮೂರು ದಿನ ತಾಯಿಯ ಜೊತೆ ಹಡಪಸರದ ಆಸ್ಪತ್ರೆಗೆ ಹೋಗಿಬರತೊಡಗಿದಳು. ಮನೆಯಲ್ಲಿ ಜೇಡಿಮಣ್ಣಿನಂಥ ಒಂದು ಉಂಡೆಯನ್ನು ಹಿಚುಕುತ್ತ ಕೂಡುವಳು. ತಾಯಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಒಂದೊಂದೇ ಬೆರಳು ತಿಕ್ಕುವಳು. ಒಂದು ಗುರುವಾರ ಮಧ್ಯಾಹ್ನ ಇಬ್ಬರೂ ಕಿಟಕಿಯ ಬಳಿ ಕೂತಿದ್ದರು. ಮಗಳು ಕಣ್ಣು ಮುಚ್ಚಿ ಕೈ ಚಾಚಿದ್ದಳು. ತಾಯಿ ಸೂಜಿಯ ತುದಿಯನ್ನು ಕಿರುಬೆರಳಿಗೆ ಮೆಲ್ಲಗೆ ತಾಗಿಸಿ, "ಈಗ?" ಅಂತ ಕೇಳುವಳು.

"ಇಲ್ಲ."

"ಈಗ?"

"ಇಲ್ಲ. ಇನ್ನ ಸ್ವಲ್ಪ ಒತ್ತು."

ಕಣ್ಣು ಮುಚ್ಚಿಕೊಂಡೇ ಮಗಳು ಒಮ್ಮೆಲೇ, "ಹತ್ತಿತು. ಈಗ ಹತ್ತಿತವ್ವಾ, ಹೌದಿಲ್ಲೋ?" ಅಂದಳು. ಆಗ ಸೂಜಿ ಹೆಂಡತಿಯ ಕೈಯಲ್ಲಿತ್ತು, ಅವಳು ಅದಕ್ಕೆ ದಾರ ಪೋಣಿಸುತ್ತಿದ್ದಳು. ಹೆಂಡತಿ ನನ್ನ ಕಡೆ ನೋಡಿದಳು. ಆಮೇಲೆ, "ಹೌದು ನೋಡು, ಹತ್ತೇದ" ಅಂದಳು. ನಾನು ಎದ್ದು ಹೊರಗೆ ಹೋದೆ.

ವರ್ಷ ದಾಟಿತ್ತು. ಒಂದು ಸಲ ತೋರಿಸಲು ಹೋದಾಗ ತಾಯಿ ಮಗಳು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಡಾಕ್ಟರು ನನ್ನನ್ನು ಪಡಸಾಲೆಯಲ್ಲಿ ತಡೆದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಬರಬೇಕಾದಷ್ಟು ಬಂದಾಗಿದೆ. ಬೆರಳಿನ ಸಣ್ಣ ಸ್ನಾಯುಗಳು ಇಷ್ಟು ದಿನ ನರವಿಲ್ಲದೆ ಬತ್ತಿಹೋಗಿವೆ, ಇನ್ನು ನರ ತಲುಪಿದರೂ ಅವು ಎದ್ದೇಳುವುದಿಲ್ಲ. ವ್ಯಾಯಾಮ ಬಿಡಬೇಡಿ, ಇದ್ದದ್ದು ಉಳಿಯಲಿ. ಅವಳಿಗೆ ಆರು ತಿಂಗಳ ಮೇಲಿನ ಮುಂದಿನ ಭೇಟಿಯಲ್ಲಿ ಹೇಳೋಣ, ಅಷ್ಟರಲ್ಲಿ ನೀವು ಮನೆಯವರು ಸ್ವಲ್ಪ ತಯಾರು ಮಾಡಿ.

ತಯಾರು ಮಾಡುವುದು ಅಂದರೆ ಏನು ಮಾಡುವುದು ಅಂತ ನಾನು ಕೇಳಲಿಲ್ಲ. ತಲೆಯಾಡಿಸಿದೆ. ಔಷಧಿಯ ಚೀಲ ಹಿಡಿದುಕೊಂಡು ಅವರಿಬ್ಬರೂ ಬಂದರು. "ಏನಂದ್ರು?" ಅಂತ ಹೆಂಡತಿ ಕೇಳಿದಳು. "ವ್ಯಾಯಾಮ ಬಿಡಬ್ಯಾಡಂದ್ರು" ಅಂದೆ.

ಅವತ್ತಿನಿಂದ ನನಗೆ ಮನೆಯಲ್ಲಿ ಕೂಡಲಾಗಲಿಲ್ಲ. ಮಗಳು ಉಂಡೆ ಹಿಚುಕುತ್ತಿದ್ದರೆ ಅವಳ ಕೈಯನ್ನೇ ನೋಡುತ್ತಿದ್ದೆ. ಹೇಳಬೇಕೆಂದು ಬಾಯಿತನಕ ಬರುವುದು, ಅಷ್ಟರಲ್ಲಿ ಅವಳು ಕೈ ಎತ್ತಿ ತೋರಿಸಿ, "ಅಪ್ಪಾ, ನಿನ್ನೆಗಿಂತ ಇವತ್ತ ಸ್ವಲ್ಪ ನೆಟ್ಟಗಾಗ್ಯದ ಅಲ್ಲೇನು?" ಅನ್ನುವಳು. ಹೌದು ಅನ್ನುತ್ತಿದ್ದೆ.

ಎಡಗೈಯಿಂದ ಮೀಟಿ ಬಲಗೈಯಿಂದ ಒತ್ತಿ ಬಾರಿಸುವವರೂ ಇದ್ದಾರೆ ಅಂತ ನನಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಒಮ್ಮೆ, ಗಾಳಿಯಲ್ಲಿ ಮಾತು ಬಿಟ್ಟ ಹಾಗೆ, ಅದನ್ನು ಹೇಳಿ ನೋಡಿದೆ. "ಅವರು ಎಡಚರು. ನಾ ಎಡಚಿ ಅಲ್ಲ" ಅಂದಳು, ತಟ್ಟೆ ಎತ್ತಿಕೊಂಡು ಎದ್ದುಹೋದಳು. ಪೇಟೆಯ ವಾದ್ಯದ ಅಂಗಡಿಯಲ್ಲಿ ವಿಚಾರಿಸಿದೆ. ತಂತಿಗಳನ್ನು ಅದಲು ಬದಲು ಮಾಡಿದರೆ ಸಾಕಾಗುವುದಿಲ್ಲ, ಒಳಗಿನ ಪಟ್ಟಿಗಳು, ತಂತಿ ಕೂರುವ ಬ್ರಿಜ್ಜಿನ ಓರೆ ಎಲ್ಲ ಬಲಗೈಯವರ ಲೆಕ್ಕಕ್ಕೆ ಇರುತ್ತವೆ, ಎಡಗೈಯವರದು ಬೇಕಾದರೆ ತರಿಸಿಕೊಡುತ್ತೇನೆ ಅಂದ ಅಂಗಡಿಯವನು. ತರಿಸಿದರೆ ವಾರದೊಳಗೆ ಬರುತ್ತದೆ. ಬಂದರೆ ಅವಳ ಮುಂದೆ ಇಡಬೇಕು. ಇಟ್ಟರೆ ಹೇಳಬೇಕು. ಬೇಡ ಅಂದು ಬಂದೆ. ನಾನೇ ಮಾಡಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಡಾಕ್ಟರ ಮಾತು ಸುಳ್ಳಾದರೂ ಆಗಬಹುದು, ಇಲ್ಲವೇ ಹೇಳುವ ಧೈರ್ಯ ನನಗೆ ಬರಬಹುದು. ನನ್ನ ಮೊದಲ ಗಿಟಾರು ಹೀಗೆ ಶುರುವಾಯಿತು.

ಅವಳ ಗಿಟಾರು ಕಾಟಿನ ಕೆಳಗೆ ಚೀಲದಲ್ಲಿತ್ತು. ಅವಳು ವ್ಯಾಯಾಮಕ್ಕೆ ಹೋದ ಹೊತ್ತಿನಲ್ಲಿ ಅದನ್ನು ಹೊರತೆಗೆದು ಅಳತೆ ತೆಗೆದುಕೊಂಡೆ. ನಡುವಿನ ಗುಂಡು ರಂಧ್ರದೊಳಗೆ ಸಣ್ಣ ಬಲ್ಬು ಇಳಿಬಿಟ್ಟು, ಹಲ್ಲಿನ ಡಾಕ್ಟರರು ಬಳಸುವಂಥ ಕನ್ನಡಿ ತೂರಿಸಿ ಒಳಗಡೆ ನೋಡಿದೆ. ಮೇಲಿನ ಹಲಗೆಯ ಒಳಮೈಗೆ ತೆಳ್ಳಗಿನ ಪಟ್ಟಿಗಳನ್ನು ಕತ್ತರಿಯಂತೆ ಅಡ್ಡಡ್ಡ ಅಂಟಿಸಿದ್ದರು. ಅದರ ಕೆಳಗಿನ ಪಟ್ಟಿಗಳು ಒಂದು ಕಡೆಗೆ ವಾಲಿದ್ದವು. ಎಲ್ಲವನ್ನೂ ಕಾಗದದ ಮೇಲೆ ಮಗ್ಗುಲು ಬದಲಿಸಿ ಬರೆದುಕೊಂಡೆ. ಪ್ಯಾಟರ್ನ್ ಮಾಡುವವನಿಗೆ ಉಲ್ಟಾ ಯೋಚಿಸುವುದು ಹೊಸದೇನಲ್ಲ.

ಶಾಪಿನ ಮಾಲೀಕರು ನನಗಿಂತ ಚಿಕ್ಕವರು, ಮರಾಠಿಯವರು, ನನ್ನನ್ನು ಕಾಕಾ ಅನ್ನುತ್ತಾರೆ. ಅಟ್ಟದ ಮೇಲೆ ಫೌಂಡ್ರಿಯವರು ವಾಪಸು ಒಯ್ಯದ ಹಳೆಯ ಪ್ಯಾಟರ್ನುಗಳ ರಾಶಿಯೇ ಬಿದ್ದಿತ್ತು. ಒಂದೆರಡು ತೆಗೆದುಕೊಳ್ಳಲೇ ಅಂತ ಕೇಳಿದಾಗ, "ಘ್ಯಾ ನಾ ಕಾಕಾ, ವಿಚಾರ್ತಾ ಕಾಯ್?" ಅಂದರು. ತಗೊಳ್ಳಿ, ಕೇಳುವುದೇನಿದೆ ಅಂತ. ಒಂದು ದೊಡ್ಡ ಪಂಪಿನ ಪ್ಯಾಟರ್ನಿನಲ್ಲಿ ದೇವದಾರು ಹಲಗೆಗಳಿದ್ದವು, ಒಣಗಿ ಒಣಗಿ ಹಗುರವಾದವು. ಮೇಲಿನ ಹಲಗೆಗೆ ಅದು. ಕುತ್ತಿಗೆಗೆ ಮಹಾಗನಿಯ ಒಂದು ತುಂಡು. ಬದಿಗೂ ಬೆನ್ನಿಗೂ ಶಿಸವಿ, ಅಂದರೆ ಬೀಟೆಯ ಹಲಗೆ, ಹೊರಗಿನಿಂದ ತಂದೆ. ಪಾಳಿ ಮುಗಿದ ಮೇಲೆ ಸಂಜೆ ಒಂದೆರಡು ತಾಸು, ಮತ್ತೆ ಗುರುವಾರ, ನಮ್ಮ ರಜೆಯ ದಿನ, ಪೂರ್ತಿ. ಮನೆಯಲ್ಲಿ ಓವರ್‌ಟೈಮ್ ಇದೆ ಅಂದೆ.

ಕಟ್ಟಿಗೆಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ ಅಂದುಕೊಂಡಿದ್ದೆ. ಗಿಟಾರಿಗೆ ಬದಿ ಬಾಗಿಸಲು ಹೋದಾಗ ಆ ಮಾತು ಹೋಯಿತು. ಕಬ್ಬಿಣದ ಪೈಪಿನೊಳಗೆ ಗ್ಯಾಸಿನ ಉರಿ ಹಚ್ಚಿ, ನೆನೆಸಿದ ಶಿಸವಿಯ ಪಟ್ಟಿಯನ್ನು ಅದರ ಮೇಲೆ ಒತ್ತಿ ಒತ್ತಿ ಬಾಗಿಸಬೇಕು. ಮೊದಲನೆಯದು ಸೊಂಟದ ತಿರುವಿನಲ್ಲಿ ಚಟ್ ಅಂತ ಮುರಿಯಿತು. ಎರಡನೆಯದು ಸುಟ್ಟು ಕಪ್ಪಾಯಿತು. ಇನ್ನೊಂದು ಬಾಗಿತು, ಮರುದಿನ ಬಂದು ನೋಡಿದರೆ ಅರ್ಧ ಸೆಟೆದು ನಿಂತಿತ್ತು. ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾದ ಪೈಪಿಗೆ ಒತ್ತುತ್ತ, ಬಾಗು, ಬಾಗು ಅಂತ ಗಟ್ಟಿಯಾಗಿ ಹೇಳುತ್ತಿದ್ದೆ. ಯಾರಿಗೆ ಹೇಳುತ್ತಿದ್ದೇನೆ ಅಂತ ನನಗೇ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂದು ಪೈಪಿನ ಮೇಲೆ ಬಿದ್ದು ಚುಂಯ್ ಅಂದಿತು.

ಅಂತೂ ಬದಿಗಳು ಬಾಗಿದವು. ಮೇಲಿನ ಹಲಗೆಯನ್ನು ಎರಡು ಹೋಳು ಜೋಡಿಸಿ ಅಂಟಿಸಿದೆ, ರಂಧ್ರ ಕೊರೆದೆ, ಒಳಮೈಗೆ ಪಟ್ಟಿಗಳನ್ನು ಕೂರಿಸಿ ಬದಿಗಳಿಗೆ ಸೇರಿಸಿದೆ. ಬೆನ್ನಿಲ್ಲದ ಪೆಟ್ಟಿಗೆ ತಯಾರಾಯಿತು. ಬ್ರಿಜ್ಜು ಎಲ್ಲಿ ಬರಬೇಕು ಎಂದು ಮುಖದ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ, ಯಾವ ತಂತಿ ಎಲ್ಲಿ ಅಂತ ಅಂಕೆ ಹಾಕಿದ್ದೆ.

ಒಂದು ದಿನ ಹೆಂಡತಿಗೆ ಜ್ವರ. ಮಗಳು ಒಬ್ಬಳೇ ವ್ಯಾಯಾಮಕ್ಕೆ ಬಂದವಳು, ಅಪ್ಪನ ಜೊತೆ ಮನೆಗೆ ಹೋದರಾಯಿತು ಅಂತ ಹೇಳದೆ ಕೇಳದೆ ಶಾಪಿಗೆ ಬಂದಳು. ನಾನು ಗರಗಸಕ್ಕೆ ಎಣ್ಣೆ ಬಿಡುತ್ತಿದ್ದೆ. ತಲೆಯೆತ್ತಿದಾಗ ಅವಳು ಬೆಂಚಿನ ಮುಂದೆ ನಿಂತಿದ್ದಳು.

"ಇದೇನಪ್ಪಾ? ಗಿಟಾರಾ? ನೀ ಮಾಡೀಯೇನು?"

ಮುಖದಲ್ಲಿ ನಗು ಇತ್ತು. ಅಪಘಾತದ ನಂತರ ಆ ನಗು ನಾನು ಕಂಡಿರಲಿಲ್ಲ. ಪೆಟ್ಟಿಗೆಯನ್ನು ಬಲಗೈಯಿಂದ ತನ್ನ ಕಡೆ ಎಳೆದುಕೊಂಡು ಬೆರಳಾಡಿಸಿದಳು. ಬೆರಳು ಪೆನ್ಸಿಲ್ ಗುರುತಿನ ಮೇಲೆ ಬಂದು ನಿಂತಿತು. ಬ್ರಿಜ್ಜಿನ ಓರೆ ನೋಡಿದಳು, ಅಂಕೆಗಳನ್ನು ನೋಡಿದಳು.

"ಉಲ್ಟಾ ಹಾಕೀಯಲ್ಲ" ಅಂದಳು.

ನಾನು ಎಣ್ಣೆಯ ಡಬ್ಬಿ ಕೆಳಗಿಟ್ಟೆ.

"ಅಪ್ಪಾ, ಇದು ಉಲ್ಟಾ ಅದ. ದಪ್ಪ ತಂತಿ ಈ ಕಡೆ ಬರಬೇಕು." ಅಂದವಳು ನನ್ನ ಮುಖ ನೋಡಿದಳು. ನಗು ಹೋಯಿತು. "ಡಾಕ್ಟರ್ ಏನಂದ್ರು?"

"ಏನಂದಾರ... ವ್ಯಾಯಾಮ..."

"ನಿನಗ ಏನಂದ್ರು ಅಂತ ಕೇಳಾಕತ್ತೀನಿ."

ಮಶೀನುಗಳು ಓಡುತ್ತಿದ್ದವು. ಆ ಸದ್ದಿನೊಳಗೆ, ಡಾಕ್ಟರು ಹೇಳಿದ್ದನ್ನು ಹೇಳಿದೆ. ಮೆತ್ತಗೆ ಹೇಳುವ ಯಾವ ಮಾತೂ ಆ ಹೊತ್ತಿಗೆ ಬರಲಿಲ್ಲ. ಅವಳು ಕೇಳಿದಳು. "ಎಷ್ಟು ದಿನ ಆತು?" ಅಂದಳು. ಮೂರು ತಿಂಗಳ ಮೇಲಾಯಿತು ಅಂದೆ. "ಮೂರು ತಿಂಗಳು ನಾ ಆ ಉಂಡಿ ಹಿಚುಕ್ಕೋತ ಕುಂತಿದ್ದೆ. ನೀ ಇಲ್ಲಿ ಕುಂತು ಇದನ್ನ ಮಾಡಾಕತ್ತಿದ್ದಿ." ದನಿ ಏರಿರಲಿಲ್ಲ. "ಒಡದು ಒಲಿಗೆ ಹಾಕು ಇದನ್ನ" ಅಂದು ಹೊರಟುಹೋದಳು. ನಾನು ಹಿಂದೆಯೇ ಓಡಿದೆ, ಅಷ್ಟರಲ್ಲಿ ರಿಕ್ಷಾ ಹತ್ತಿಬಿಟ್ಟಿದ್ದಳು.

ಮನೆಗೆ ಹೋದಾಗ ಹೆಂಡತಿ ಜ್ವರದಲ್ಲೇ ಎದ್ದು ಕೂತಿದ್ದಳು. "ನನಗರೆ ಹೇಳಬಾರದೇನ್ರಿ?" ಅಂದಳು. "ದಿನಾ ಆ ಕೈ ತಿಕ್ಕುವಾಕಿ ನಾನು. ನನಗರೆ ಹೇಳಬಾರದೇನು?" ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ವ್ಯಾಯಾಮ ನಿಂತಿತು. ಉಂಡೆ ಒಣಗಿ ಕಲ್ಲಾಯಿತು. ಊಟಕ್ಕೆ ಕರೆದರೆ ಎದ್ದು ಬಂದು ನಾಲ್ಕು ತುತ್ತು ತಿಂದು ಹೋಗುವಳು, ನನ್ನ ಜೊತೆ ಮಾತಿಲ್ಲ. ಗೆಳತಿಯರ ಫೋನು ಎತ್ತುತ್ತಿರಲಿಲ್ಲ. ಹೆಂಡತಿ ಹೊಲಿಯುತ್ತ ಹೊಲಿಯುತ್ತ ಅಳುವಳು, ಸೀರೆಯ ಮೇಲೆ ಕಣ್ಣೀರು ಬೀಳಬಾರದೆಂದು ಮುಖ ಆಚೆ ಮಾಡುವಳು. ಮಗಳನ್ನು ಒಬ್ಬಳನ್ನೇ ಬಿಟ್ಟು ಸಂತೆಗೂ ಹೋಗುತ್ತಿರಲಿಲ್ಲ. ಯಾಕೆ ಅಂತ ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಆದರೂ ಒಂದು ದಿನ ತಪ್ಪಿತು. ಹೆಂಡತಿ ಕೆಳಗಿನ ಮನೆಗೆ ಸೀರೆ ಕೊಟ್ಟು ಬರುವಷ್ಟರಲ್ಲಿ ಮಗಳು ಇರಲಿಲ್ಲ. ಚಪ್ಪಲಿ ಇಲ್ಲ, ಫೋನು ಬಂದ್. ನಾನು ಕೆಲಸ ಬಿಟ್ಟು ಹೊರಟೆ. ಮಗರಪಟ್ಟಾದಲ್ಲಿ ಅವಳು ಕಲಿಸುತ್ತಿದ್ದ ಸೊಸೈಟಿಗಳ ಗೇಟಿನಲ್ಲಿ ವಾಚ್‌ಮನ್‌ಗಳನ್ನು ಕೇಳಿದೆ. ಒಬ್ಬನು, ಗಿಟಾರ್ ಟೀಚರ್ ಈಗ ಬರುವುದಿಲ್ಲವಲ್ಲ ಅಂದ. ಅಲ್ಲಿಂದ ಹಡಪಸರದ ಕಾಲುವೆಯ ದಂಡೆಗೆ ಹೋದೆ. ಯಾಕೆ ಅಲ್ಲಿಗೇ ಹೋದೆ ಅಂತ ಈಗಲೂ ಹೇಳಲಾರೆ, ಕಾಲು ತಾವೇ ಹೋದವು. ಬಿಸಿಲು ಸುಡುತ್ತಿತ್ತು. ನೀರು ತುಂಬಿ ಹರಿಯುತ್ತಿತ್ತು, ಪ್ಲಾಸ್ಟಿಕ್ಕು, ಹೂವಿನ ಹಾರ ತೇಲಿ ಬರುತ್ತಿದ್ದವು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಹತ್ತಿರ ನಿಂತು, ಇಷ್ಟೆತ್ತರದ ಹುಡುಗಿ, ಎಡಗೈ ಹೀಗೆ ಅಂತ ನನ್ನ ಕೈಯನ್ನೇ ಮಡಚಿ ತೋರಿಸಿದೆ. ಅವರಲ್ಲೊಬ್ಬಳು ನಮ್ಮ ಕಡೆಯವಳೇ, ಕಲಬುರಗಿ ಕಡೆಯ ಮಾತು. "ಯಾರೂ ಬಂದಿಲ್ರಿ ಯಣ್ಣಾ, ಮುಂಜಾನಿಂದ ನಾವು ಇಲ್ಲೇ ಇದ್ದೀವಿ. ಗಾಬರಿ ಆಗಬ್ಯಾಡ್ರಿ, ನೀರ ಕುಡೀರಿ" ಅಂದು ಬಾಟಲಿ ಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ಕುಡಿದೆ.

ಅಷ್ಟರಲ್ಲಿ ಫೋನು ಬಂತು. ಆಸ್ಪತ್ರೆಯಿಂದ. ಮಾತಾಡಿದ್ದು ಡಾಕ್ಟರ ಹತ್ತಿರ ಕೆಲಸ ಮಾಡುವ ಹೆಂಗಸು. ನಿಮ್ಮ ಮಗಳು ಬೆಳಗಿನಿಂದ ಇಲ್ಲಿ ಕೂತಿದ್ದಾಳೆ, ಡಾಕ್ಟರನ್ನು ಕಂಡಳು, ಆದರೆ ಬೆಂಚು ಬಿಟ್ಟು ಏಳುತ್ತಿಲ್ಲ, ಬಂದು ಕರೆದುಕೊಂಡು ಹೋಗಿ ಅಂದಳು.

ಹೋದೆ. ಪಡಸಾಲೆಯ ಕೊನೆಯ ಬೆಂಚಿನ ಮೇಲೆ ಕೂತಿದ್ದಳು, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು. ಪಕ್ಕದಲ್ಲಿ ಕೂತೆ. ಕೈಯನ್ನೇ ನೋಡುತ್ತ ಅಂದಳು: "ನಾನೇ ಕೇಳಿದೆ. ಅವರ ಬಾಯಿಂದನೇ ಕೇಳಬೇಕನಿಸ್ತು. ಬರಂಗಿಲ್ಲ ಅಂದ್ರು."

"ನನ್ನವ್ವಾ" ಅಂದೆ.

"ನೀ ಕಾಲುವಿ ಕಡೆ ಹೋಗಿದ್ದಿ?" ಅಂದಳು. ನನ್ನ ಚಪ್ಪಲಿಗೆ ಕೆಸರು ಮೆತ್ತಿತ್ತು. "ಹಂಗ ಏನೂ ಮಾಡಿಕೊಳ್ಳಂಗಿಲ್ಲ ನಾ. ಅವ್ವಗ ಹೇಳು."

ಅಂದಳೇ ಹೊರತು, ಅದರಿಂದ ನಮ್ಮ ಹೆದರಿಕೆ ಹೋಗಲಿಲ್ಲ. ಅವಳು ಮೊದಲಿನಂತೆಯೇ ಗೋಡೆ ನೋಡುತ್ತ ಮಲಗುತ್ತಿದ್ದಳು. ಆಸ್ಪತ್ರೆಯ ಆ ಹೆಂಗಸು ಒಬ್ಬ ಮನೋವೈದ್ಯರ ಹತ್ತಿರ ಕಳಿಸಿದಳು, ಅಲ್ಲಿಗೂ ಕರೆದುಕೊಂಡು ಹೋಗಿಬರುತ್ತಿದ್ದೆವು. ಕೆಲವು ದಿನ ಬರುವಳು, ಕೆಲವು ದಿನ ಒಲ್ಲೆ ಅನ್ನುವಳು.

ಶಾಪಿನಲ್ಲಿ ಪೆಟ್ಟಿಗೆ ಕಪಾಟಿನ ಮೇಲೆ ಹಾಗೇ ಬಿದ್ದಿತ್ತು. ಒಲೆಗೆ ಹಾಕಲೂ ಆಗಲಿಲ್ಲ, ಮುಂದುವರಿಸಲೂ ಕೈ ಬರಲಿಲ್ಲ. ಮೇ ತಿಂಗಳ ಒಣ ಬಿಸಿಲಿಗೆ ಕಟ್ಟಿಗೆ ಕುಗ್ಗಿ, ಮೇಲಿನ ಹಲಗೆ ನಡುವಿನ ಜೋಡಣೆಯಲ್ಲಿ ಬಾಯಿಬಿಟ್ಟಿತು. ರಂಧ್ರದಿಂದ ಕೆಳಗಿನವರೆಗೆ ಬೆಳಕು ತೂರುವಂಥ ಸೀಳು. ಮಾಲೀಕರು ನೋಡಿ, ಬಿಟ್ಟುಬಿಡಿ ಕಾಕಾ ಅಂದರು. ಅವರು ಗಿಟಾರಿನ ಬಗ್ಗೆ ಹೇಳಿದ್ದು ಅಂತ ಗೊತ್ತಿದ್ದೂ ನನಗೆ ಅವರ ಮೇಲೆ ಸಿಟ್ಟು ಬಂತು.

ಮಳೆ ಹಿಡಿದ ಮೇಲೆ ಒಂದು ಗುರುವಾರ ನಾನು ಹೊರಡುವಾಗ ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ" ಅಂದಳು. ಹೆಂಡತಿ ಸೂಜಿ ಹಿಡಿದ ಕೈ ನಿಲ್ಲಿಸಿದಳು. ಮೆಟ್ಟಿಲು ಇಳಿಯುವಾಗ ಮಗಳು, "ಗಿಟಾರ್ ಸಲುವಾಗಿ ಅಲ್ಲ. ಮನಿಯಾಗ ಅವ್ವ ಅಳೂದು ನೋಡಿ ಕೂಡಾಕ ಆಗಂಗಿಲ್ಲ" ಅಂದಳು.

ಶಾಪಿನಲ್ಲಿ ಬಹಳ ಹೊತ್ತು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಮಳೆ ನೋಡಿದಳು. ನಾನು ಸುಮ್ಮನಿರಲಾರದೆ ಪೆಟ್ಟಿಗೆ ಇಳಿಸಿದೆ. ಸೀಳಿಗೆ ದೇವದಾರಿನ ತೆಳ್ಳನೆಯ ಸಿಬರು ತುಂಬಿ ಅಂಟಿಸಿದೆ, ಒಳಗಡೆಯಿಂದ ಸಣ್ಣ ಸಣ್ಣ ತೇಪೆ ಕೊಟ್ಟೆ. ಅಂಟು ಹಿಡಿಯಿತೋ ಇಲ್ಲವೋ ಎಂದು ಮುಂದಿನ ಗುರುವಾರ ಬೆರಳ ಗಿಣ್ಣಿನಿಂದ ತಟ್ಟಿ ನೋಡುತ್ತಿದ್ದೆ. ಅವಳು ಆ ದಿನವೂ ಬಂದಿದ್ದಳು. ಬೆನ್ನು ಮಾಡಿ ಕೂತವಳು ಅಲ್ಲಿಂದಲೇ ಅಂದಳು, "ದಪ್ಪ ಆಗ್ಯದ."

"ಏನು?"

"ಹಲಗಿ. ಬಾಗಿಲ ಬಡದಂಗ ಕೇಳಿಸ್ತದ. ಅದು ಗಿಟಾರ್ ಸಪ್ಪಳ ಅಲ್ಲ."

ಅವಳ ಮಾತು ನಿಜವಾಗಿತ್ತು. ನಮ್ಮ ಕೆಲಸದಲ್ಲಿ ಯಾವಾಗಲೂ ಸ್ವಲ್ಪ ಹೆಚ್ಚೇ ಇಡುತ್ತೇವೆ: ಲೋಹ ಆರಿ ಕುಗ್ಗುವುದಕ್ಕೆ ಇಷ್ಟು, ಆಮೇಲೆ ಹೆರೆಯುವುದಕ್ಕೆ ಇಷ್ಟು. ಆ ಅಭ್ಯಾಸದಲ್ಲಿ ಇಲ್ಲೂ ಬಿಟ್ಟಿದ್ದೆ. ಅಂಚಿನ ಕಡೆ ಹೆರೆಯತೊಡಗಿದೆ. ಹೆರೆದು ತಟ್ಟುವೆ, ಅವಳು ಇನ್ನೂ ಅನ್ನುವಳು. ಒಳಗಿನ ಪಟ್ಟಿಗಳನ್ನೂ ಉಳಿಯಿಂದ ಕಡಿಮೆ ಮಾಡಿದೆ. ಇನ್ನು ತೆಳ್ಳಗೆ ಮಾಡಿದರೆ ತಂತಿಯ ಎಳೆತಕ್ಕೆ ಕುಸಿಯುತ್ತದೆ ಅಂತ ನನಗೆ ಜೀವ ಹೊಡೆದುಕೊಳ್ಳುತ್ತಿತ್ತು. "ಕುಸಿದರ ಕುಸೀಲಿ. ಹಿಂಗ ಇಟ್ಟರೂ ಏನು ಉಪಯೋಗ" ಅಂದಳು. ಕೊನೆಗೊಮ್ಮೆ ತಟ್ಟಿದಾಗ ಸದ್ದು ಸ್ವಲ್ಪ ಹೊತ್ತು ಉಳಿಯಿತು. ಅವಳು ಇನ್ನೂ ಅನ್ನಲಿಲ್ಲ. ನಾನು ಹೆರೆಯುವುದನ್ನು ನಿಲ್ಲಿಸಿದೆ.

ಬೆನ್ನಿನ ಹಲಗೆ ಅಂಟಿಸುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಅಂಟು ಬಿಗಿಯುವುದರೊಳಗೆ ಸುತ್ತಲೂ ಕ್ಲಾಂಪು ಹಾಕಬೇಕು. ಹಲಗೆ ಒಂದು ಕಡೆ ಸರಿಯಿತು. ನಾನು ಅದನ್ನು ಹಿಡಿಯಲೋ ಕ್ಲಾಂಪು ತಿರುವಲೋ ತಿಳಿಯದೆ ಒದ್ದಾಡುತ್ತಿದ್ದೆ. ಅವಳು ಎದ್ದು ಬಂದು ಬಲಗೈಯಿಂದ ಒತ್ತಿದಳು, ಎಡ ಮುಂಗೈಯನ್ನು ಅಡ್ಡ ಹೇರಿ ಮೈಭಾರ ಬಿಟ್ಟಳು. ಅಂಟು ಸೋರಿ ಅವಳ ಕಿರುಬೆರಳಿಗೆ ಮೆತ್ತಿಕೊಂಡಿತು. ಅವಳಿಗೆ ಅದು ಗೊತ್ತಾಗಲಿಲ್ಲ, ಕಣ್ಣಿಗೆ ಬಿದ್ದ ಮೇಲೆ ತಿಳಿಯಿತು. ಹಲಗೆ ಒತ್ತಿ ಹಿಡಿದುಕೊಂಡೇ, "ನೋಡು, ಸುಟ್ಟರೂ ಗೊತ್ತಾಗಂಗಿಲ್ಲ ನನಗ" ಅಂದಳು. ಆಮೇಲೆ ಅಳತೊಡಗಿದಳು. ಅಪಘಾತದ ನಂತರ ನನ್ನ ಮುಂದೆ ಅತ್ತದ್ದು ಅದೇ ಮೊದಲು. ನಾನು ಅಂಟಾದ ಕೈಯಲ್ಲಿ ಅವಳ ಬೆನ್ನು ಮುಟ್ಟಲೂ ಆಗದೆ ನಿಂತಿದ್ದೆ. ಕ್ಲಾಂಪು ಬಿಡುವಂತಿರಲಿಲ್ಲ. ಅವಳೂ ಅಳುತ್ತಲೇ ಒತ್ತಿ ಹಿಡಿದಿದ್ದಳು.

ಕುತ್ತಿಗೆ ಕೂರಿಸುವುದು, ಅದರ ಮೇಲೆ ಸ್ವರದ ಮನೆಗಳನ್ನು ಗುರುತಿಸುವ ಹಿತ್ತಾಳೆಯಂಥ ತಂತಿಯ ತುಂಡುಗಳನ್ನು ಅಡ್ಡಲಾಗಿ ಬಡಿಯುವುದು, ಮೇಲೆ ಅರಗಿನ ಪಾಲಿಶ್ ಹಚ್ಚುವುದು, ಇದಕ್ಕೆಲ್ಲ ಗಣಪತಿ ಹಬ್ಬ ದಾಟಿತು. ಮಳೆಯ ತೇವಕ್ಕೆ ಪಾಲಿಶ್ ಬೆಳ್ಳಗೆ ಮಬ್ಬಾಗುತ್ತಿತ್ತು, ಉಜ್ಜಿ ತೆಗೆದು ಮತ್ತೆ ಹಚ್ಚುತ್ತಿದ್ದೆ. ಮಗಳು ಒಮ್ಮೊಮ್ಮೆ ಬರುವಳು, ಕೆಲವು ವಾರ ಬರುತ್ತಿರಲಿಲ್ಲ. ಬಾರದ ವಾರಗಳಲ್ಲಿ, ಇದನ್ನು ಯಾರಿಗಾಗಿ ಮಾಡುತ್ತಿದ್ದೇನೆ ಅಂತ ಕೈ ಸೋತು ಕೂಡುತ್ತಿದ್ದೆ. ಬಿಡಲೂ ಆಗುತ್ತಿರಲಿಲ್ಲ. ಮನೆಯಲ್ಲಿ ನನಗೆ ಮಾಡಲು ಬೇರೆ ಏನಿತ್ತು?

ತಂತಿ ಕಟ್ಟಿದ ದಿನ ಅವಳು ಬಂದಿದ್ದಳು. ಒಂದೊಂದೇ ತಂತಿ ಬಿಗಿಯುವಾಗ ಕಟ್ಟಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಈಗ ಬ್ರಿಜ್ಜು ಕಿತ್ತು ಬರುತ್ತದೆ, ಈಗ ಹೊಟ್ಟೆ ಸೀಳುತ್ತದೆ ಅಂತ ಉಸಿರು ಹಿಡಿದಿದ್ದೆ. ಅವಳು ಫೋನಿನಲ್ಲಿ ನೋಡಿ ಶ್ರುತಿ ಹೇಳಿದಳು. ನಿಂತಿತು. ಮುಖ ಸ್ವಲ್ಪ ಉಬ್ಬಿತು, ಆದರೆ ನಿಂತಿತು.

ತೊಡೆಯ ಮೇಲೆ ಇಟ್ಟುಕೊಂಡಳು. ಎಲ್ಲವೂ ತಿರುಗುಮುರುಗು, ಕೂಡುವುದೇ ಬರಲಿಲ್ಲ ಅವಳಿಗೆ. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಮೀಟುವ ಬಿ‍ಲ್ಲೆ ಹಿಡಿದಳು. ಮೀಟಿದ ಕೂಡಲೇ ಜಾರಿ ಬಿತ್ತು. ಸೈಕಲ್ ಟ್ಯೂಬು ಕತ್ತರಿಸಿ ಹೆಬ್ಬೆರಳಿಗೆ ಸುತ್ತಿಕೊಟ್ಟೆ. ಬಲಗೈಯ ಬೆರಳುಗಳನ್ನು ಕುತ್ತಿಗೆಯ ಮೇಲೆ ಒಂದೊಂದಾಗಿ ಎತ್ತಿ ಇಟ್ಟಳು. ತಾನು ಮಕ್ಕಳಿಗೆ ಮೊದಲ ಪಾಠದಲ್ಲಿ ಹೇಳಿಕೊಡುವ ಸ್ವರಗುಚ್ಛವಂತೆ ಅದು. ಮೀಟಿದಳು. ಮೂರು ತಂತಿ ನುಡಿದವು, ಒಂದು ಝುಯ್ಯೆಂದಿತು, ಉಳಿದವು ಸತ್ತಿದ್ದವು. ಮತ್ತೆ ಮೀಟಿದಳು. ಮತ್ತೆ ಅಷ್ಟೇ. ಹಣೆಯ ಮೇಲೆ ಬೆವರು. ಬಲಗೈಯ ಬೆರಳ ತುದಿಗಳು ಮೆತ್ತಗಿದ್ದವು, ಕೆಂಪಾಗಿ ಗೆರೆ ಬಿದ್ದವು.

"ಆರು ವರ್ಷದ ಹುಡುಗರು ಇದಕ್ಕಿಂತ ಚಲೋ ಬಾರಿಸ್ತಾರ" ಅಂದಳು. ಗಿಟಾರನ್ನು ಬೆಂಚಿನ ಮೇಲೆ ಇಟ್ಟು ಹೊರಗೆ ಹೋಗಿ ನಿಂತಳು. ಬರಲಾರಳು ಅಂದುಕೊಂಡೆ. ಕತ್ತರಿಸಿ ಉಳಿದ ತಂತಿಯ ತುದಿಗಳನ್ನು ಆಯುತ್ತ ಕೂತೆ. ಸ್ವಲ್ಪ ಹೊತ್ತಿಗೆ ಬಂದು, "ತಂತಿ ಭಾಳ ಎತ್ತರ ಅವ. ಒತ್ತಾಕ ಆಗಂಗಿಲ್ಲ. ಬ್ರಿಜ್ಜಿನ ಮ್ಯಾಲಿನ ಎಲುಬಿನ ಪಟ್ಟಿ ಇಳಸಿ ಕೊಡು" ಅಂದಳು.

ಇಳಿಸಿದೆ. ಅವಸರಕ್ಕೆ ಹೆಚ್ಚೇ ಉಜ್ಜಿಬಿಟ್ಟೆ, ತಂತಿಗಳೆಲ್ಲ ಝುಯ್ಯೆಂದವು. ಹೊಸ ಪಟ್ಟಿ ಮಾಡಬೇಕಾಯಿತು.

ಇದೆಲ್ಲ ಆಗಿ ಈಗ ಎರಡನೆಯ ಚಳಿಗಾಲ. ಕೈ ಹಾಗೇ ಇದೆ. ಗಿಟಾರಿನ ಕುತ್ತಿಗೆ ಸ್ವಲ್ಪ ಬಾಗಿದೆ, ಆಗಾಗ ಶಾಪಿಗೆ ತಂದು ಸರಿಮಾಡುತ್ತೇನೆ. ಅವಳು ಮತ್ತೆ ಇಬ್ಬರು ಮಕ್ಕಳಿಗೆ ಹೇಳಿಕೊಡುತ್ತಾಳೆ, ತೀರ ಹೊಸಬರಿಗೆ. ತಾನು ಬಾರಿಸುವುದು ಕೆಲವು ಸಾದಾ ಹಾಡುಗಳನ್ನು ಮಾತ್ರ. ವಾರಗಟ್ಟಲೆ ಮುಟ್ಟದೆಯೂ ಇರುತ್ತಾಳೆ. ಆಗ ನಾನೂ ಹೆಂಡತಿಯೂ ಮನೆಯಲ್ಲಿ ಮೆಲ್ಲಗೆ ಓಡಾಡುತ್ತೇವೆ.

ಹೋದ ವಾರ ರಿಪೇರಿ ಮುಗಿಸಿ ಇಬ್ಬರೂ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆವು. ಕಿಟಕಿಯಿಂದ ಹೊರಗೆ ನೋಡುತ್ತಿದ್ದವಳು, "ತಲಿಯಾಗ ಎಲ್ಲಾ ಮೊದಲಿನಂಗ ಕೇಳಿಸ್ತದಪ್ಪಾ. ಕೈಯಾಗ ಬರಂಗಿಲ್ಲ" ಅಂದಳು. ಸಿಟ್ಟಿನಿಂದ ಅಲ್ಲ, ಇರುವುದನ್ನು ಹೇಳುವ ಹಾಗೆ.

"ಹೌದವ್ವಾ" ಅಂದೆ. ಬಿಬವೇವಾಡಿಯ ಸ್ಟಾಪು ಬಂದಾಗ ಗಿಟಾರಿನ ಚೀಲಕ್ಕೆ ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ಬಲಗೈಯಿಂದ ಅದನ್ನು ಹೆಗಲಿಗೇರಿಸಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ನನಗಿಂತ ಮೊದಲು ಇಳಿದಳು.